ಮಗು ಮತ್ತು ಅಜ್ಜಿಯೊಂದಿಗೆ ಬಡಾವಣೆಯ ಉದ್ಯಾನಕ್ಕೆ: ಬೇಸಿಗೆಯಲ್ಲಿ ಯಾವ ಹೊತ್ತು, ಯಾವ ಎಚ್ಚರಿಕೆ?

ಪ್ರಶ್ನೆ (ದಾವಣಗೆರೆಯ ತಂದೆ):
ಮಾನ್ಯರೇ, ನಮ್ಮ ಮನೆಯಲ್ಲಿ ನಾನು, ನನ್ನ ಪತ್ನಿ, 68 ವರ್ಷದ ನನ್ನ ತಾಯಿ ಮತ್ತು ಮೂರೂವರೆ ವರ್ಷದ ಮಗಳು ಇದ್ದೇವೆ. ಗಾಜಿನ ಮನೆಯನ್ನು ನೋಡಲು ಹೋಗಿದ್ದಾಗ ನಡೆದು ನಡೆದು ತಾಯಿಯವರ ಮಂಡಿನೋವು ಹೆಚ್ಚಾಯಿತು. ಆದ್ದರಿಂದ ಈಗ ಮೂರು ಬೀದಿ ಆಚೆಗಿರುವ ಪುಟ್ಟ ಉದ್ಯಾನಕ್ಕೇ ಹೋಗುತ್ತಿದ್ದೇವೆ. ಅಲ್ಲಿ ಎರಡು ಹೊಂಗೆ ಮರ, ಒಂದು ಬೇವು, ನಾಲ್ಕು ಕಲ್ಲುಬೆಂಚು, ತಗಡಿನ ಜಾರುಬಂಡೆ, ಜೋಕಾಲಿ ಮತ್ತು ದೊಡ್ಡವರ ವ್ಯಾಯಾಮದ ಸಲಕರಣೆಗಳಿವೆ. ಕಳೆದ ಭಾನುವಾರ ಸಂಜೆ ನಾಲ್ಕಕ್ಕೆ ಹೋದಾಗ ಜಾರುಬಂಡೆ ಕಾದಿದ್ದುದನ್ನು ನಾವು ಗಮನಿಸಲಿಲ್ಲ. ಮಗಳ ತೊಡೆಯ ಹಿಂಭಾಗ ಕೆಂಪಾಯಿತು. ಮನೆಗೆ ಬಂದು ಬೆಣ್ಣೆ ಹಚ್ಚಿದೆವು, ಮರುದಿನ ವಾಸಿಯಾಯಿತು. ಈಗ ಅವಳು ಒಬ್ಬಳೇ ಜಾರಲು ಹೆದರುವುದರಿಂದ ಪತ್ನಿ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಜಾರುತ್ತಾರೆ. ಇದು ಸರಿಯೇ? ತಾಯಿಯವರೂ ಬೆಂಚಿನಿಂದ ಏಳಲು ಕಷ್ಟಪಡುತ್ತಾರೆ. ಆದರೂ ಮೊಮ್ಮಗಳ ಆಟವನ್ನು ನೋಡುವುದು ಅವರಿಗೆ ದಿನದ ದೊಡ್ಡ ಸಂತೋಷ. ಅದನ್ನು ತಪ್ಪಿಸಲು ನನಗೆ ಮನಸ್ಸಿಲ್ಲ.

ಉತ್ತರ 1 (ನಿವೃತ್ತ ಶಿಕ್ಷಕ, ವಿದ್ಯಾನಗರ):
ದಯವಿಟ್ಟು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಜಾರುವುದನ್ನು ಇಂದೇ ನಿಲ್ಲಿಸಿ. ಪ್ರೀತಿಯಿಂದ ಮಾಡುವ ಕೆಲಸವಾದರೂ ಅದರಲ್ಲಿ ಅಪಾಯವಿದೆ. ಮಗುವಿನ ಪಾದ ಅಂಚಿಗೋ ತಗಡಿಗೋ ಸಿಕ್ಕಿಕೊಂಡಾಗ, ಒಂಟಿಯಾಗಿ ಜಾರುವ ಮಗುವಾದರೆ ತನ್ನ ಹಗುರ ತೂಕದಿಂದ ಅಲ್ಲಿಯೇ ನಿಂತುಬಿಡಬಹುದು. ಆದರೆ ಹಿಂದೆ ದೊಡ್ಡವರು ಕುಳಿತಿದ್ದರೆ ಅವರ ತೂಕವೆಲ್ಲ ಮುಂದಕ್ಕೆ ನೂಕಿ, ಸಿಕ್ಕಿಕೊಂಡ ಕಾಲು ತಿರುಚಿ, ಮೊಣಕಾಲಿನ ಕೆಳಗಿನ ಮೂಳೆ ಮುರಿಯುತ್ತದೆ. ಒಬ್ಬಳೇ ಜಾರಲಿ, ನೀವು ಪಕ್ಕದಲ್ಲಿ ನಿಂತು ಕೈ ಹಿಡಿಯಿರಿ. ಅದಕ್ಕೂ ಹೆದರಿದರೆ ಜಾರುಬಂಡೆಯನ್ನು ಕೆಲವು ದಿನ ಬಿಟ್ಟು ಮರಳಿನಲ್ಲಿ ಆಡಲಿ; ಭಯ ತಾನಾಗಿ ಹೋಗುತ್ತದೆ.

ಇನ್ನು ಬಿಸಿಲಿನ ವಿಷಯ. ನಮ್ಮ ಊರಿನಲ್ಲಿ ಏಪ್ರಿಲ್ ಕೊನೆಯ ಹೊತ್ತಿಗೆ ನಡುಹಗಲಿನ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಸಂಜೆ ನಾಲ್ಕರ ಹೊತ್ತಿಗೆ ಮರದ ನೆರಳು ಪೂರ್ವಕ್ಕೆ ಬೀಳುವುದರಿಂದ, ಜಾರುಬಂಡೆಯ ಪಶ್ಚಿಮಕ್ಕೆ ಮರವಿಲ್ಲದಿದ್ದರೆ ಅದು ಬಿಸಿಲಿನಲ್ಲೇ ಇರುತ್ತದೆ. ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಐದೂವರೆಯ ನಂತರ ಹೋಗಿ. ಆಗಲೂ ಅಂಗೈಯ ಹಿಂಭಾಗವನ್ನು ತಗಡಿಗೆ ಐದು ಕ್ಷಣ ಒತ್ತಿ ನೋಡಿ. ನಿಮಗೆ ಸಹಿಸಲಾಗದಿದ್ದರೆ ಮಗುವಿನ ತೆಳ್ಳನೆಯ ಚರ್ಮಕ್ಕೆ ಸಹಿಸಲಾಗುವುದೇ ಇಲ್ಲ. ಬೆಣ್ಣೆ ನಮ್ಮ ಊರಿನ ದೋಸೆಗೆ ಸೊಗಸು, ಸುಟ್ಟ ಚರ್ಮಕ್ಕಲ್ಲ. ಸುಟ್ಟ ಕೂಡಲೇ ನಲ್ಲಿಯ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಬೆಣ್ಣೆ, ಟೂತ್‌ಪೇಸ್ಟ್ ಯಾವುದನ್ನೂ ಹಚ್ಚಬಾರದು. ಬೊಬ್ಬೆ ಬಂದರೆ ವೈದ್ಯರಿಗೆ ತೋರಿಸಬೇಕು.

ಮತ್ತೊಂದು ಮಾತು: ಮಗಳ ಕೊರಳಿನಲ್ಲಿ ತಾಯಿತದ ದಾರವಿದ್ದರೆ ಆಡುವಾಗ ತೆಗೆದಿಡಿ. ಅದು ಜಾರುಬಂಡೆಯ ಕಂಬಿಗೆ ಸಿಕ್ಕಿಕೊಂಡರೆ ಕತ್ತು ಬಿಗಿಯುತ್ತದೆ. ದೊಡ್ಡವರ ವ್ಯಾಯಾಮದ ಸಲಕರಣೆಗಳ ಹತ್ತಿರವೂ ಬಿಡಬೇಡಿ. ಅವುಗಳ ಕೀಲುಗಳಲ್ಲಿ ಪುಟ್ಟ ಬೆರಳು ಸಿಕ್ಕಿಕೊಳ್ಳುತ್ತದೆ.

ಉತ್ತರ 2 (ಇಬ್ಬರು ಮೊಮ್ಮಕ್ಕಳ ಅಜ್ಜಿ):
ತಮ್ಮಾ, ನಿಮ್ಮ ತಾಯಿಯವರ ಕಷ್ಟ ನನ್ನದೂ ಹೌದು. ಕುಳಿತ ಜಾಗ ತಗ್ಗಾದಷ್ಟೂ ಏಳುವಾಗ ಮಂಡಿಯ ಮೇಲೆ ಭಾರ ಹೆಚ್ಚು. ನಾನು ಹಳೆಯ ಕೌದಿಯೊಂದನ್ನು ನಾಲ್ಕು ಮಡಿಕೆ ಮಾಡಿ ಕಲ್ಲುಬೆಂಚಿನ ಮೇಲೆ ಹಾಕಿಕೊಳ್ಳುತ್ತೇನೆ. ಎತ್ತರವೂ ಸಿಗುತ್ತದೆ, ಕಾದ ಕಲ್ಲೂ ತಾಗುವುದಿಲ್ಲ. ಏಳುವಾಗ ಅವರು ಬೆಂಚಿನ ಅಂಚಿಗೆ ಸರಿದು, ಪಾದಗಳನ್ನು ಹಿಂದಕ್ಕೆ ಎಳೆದುಕೊಂಡು, ಕೈಗಳನ್ನು ಊರಿ ಏಳಲಿ. ಅರ್ಧ ಗಂಟೆಗೊಮ್ಮೆ ಎದ್ದು ಒಂದು ಸುತ್ತು ನಡೆದರೆ ಮಂಡಿ ಬಿಗಿಯುವುದಿಲ್ಲ. ಅವರನ್ನು ಕರೆದುಕೊಂಡು ಹೋಗುವುದನ್ನು ಮಾತ್ರ ನಿಲ್ಲಿಸಬೇಡಿ.

ಉತ್ತರ 3 (ನಿಟ್ಟುವಳ್ಳಿಯ ನಿವಾಸಿ):
ಜೋಕಾಲಿಯ ಕೆಳಗಿನ ಮರಳನ್ನು ಒಮ್ಮೆ ಕೋಲಿನಿಂದ ಚುಚ್ಚಿ ನೋಡಿ. ಬೀಳುವ ಮಗುವಿಗೆ ಪೆಟ್ಟು ತಗ್ಗಬೇಕಾದರೆ ಸುಮಾರು ಒಂದು ಅಡಿಯಷ್ಟು ಸಡಿಲ ಮರಳಿರಬೇಕು. ನಮ್ಮಲ್ಲಿ ಅದು ತುಳಿದು ತುಳಿದು ನೆಲದಂತೆ ಗಟ್ಟಿಯಾಗಿತ್ತು. ಅಕ್ಕಪಕ್ಕದ ಹನ್ನೆರಡು ಮನೆಯವರು ಸಹಿ ಮಾಡಿ, ಫೋಟೊ ಲಗತ್ತಿಸಿ, ಪಾಲಿಕೆಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆದೆವು. ಎರಡನೆಯ ಅರ್ಜಿಗೆ ಮರಳು ಬಂತು. ಉದ್ಯಾನಗಳ ಸಂರಕ್ಷಣೆಗೆಂದೇ ರಾಜ್ಯದಲ್ಲಿ 1985ರ ಕಾಯ್ದೆ ಇದೆ. ಆದ್ದರಿಂದ ಅಂಜಿಕೆಯಿಲ್ಲದೆ ಕೇಳಿ. ಜಾರುಬಂಡೆಯ ಪಶ್ಚಿಮಕ್ಕೆ ಒಂದು ಹೊಂಗೆ ಸಸಿಯನ್ನೂ ಅದೇ ಅರ್ಜಿಯಲ್ಲಿ ಸೇರಿಸಿ.

ಪ್ರಶ್ನಿಸಿದವರು:
ಎಲ್ಲರಿಗೂ ವಂದನೆಗಳು. ಇಂದು ಸಂಜೆ ಆರಕ್ಕೆ ಹೋಗಿದ್ದೆವು. ತಾಯಿಯವರು ಕೌದಿಯ ಮೇಲೆ ಕುಳಿತರು, ಮಗಳು ಮರಳಿನಲ್ಲೇ ಆಡಿದಳು. ಅರ್ಜಿಗೆ ನಾಳೆಯಿಂದ ಮನೆ ಮನೆಗೆ ಹೋಗಿ ಸಹಿ ಕೇಳುತ್ತೇನೆ.