ರಾತ್ರಿ ಹೊಟ್ಟೆ ತುಂಬಾ ತಿಂದರೂ ಬೆಳಗಿನ ಓಟದಲ್ಲಿ ತಲೆ ಸುತ್ತು: ಬೆಲ್ಲ, ಹಣ್ಣು ತಿನ್ನಬಹುದಾ?

ಪ್ರಶ್ನೆ: ಹಾಫ್ ಮ್ಯಾರಥಾನ್‌ಗೆ ತಯಾರಿ ಮಾಡುತ್ತಿದ್ದೇನೆ. ರಾತ್ರಿ ಮುದ್ದೆ, ಅನ್ನ ಚೆನ್ನಾಗಿ ತಿಂದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೊರಡುತ್ತೇನೆ. ಕೊನೆಕೊನೆಗೆ ತಲೆ ಸುತ್ತುತ್ತದೆ, ಕಾಲು ಮಾತ್ರ ಗಟ್ಟಿಯಾಗಿರುತ್ತದೆ. ಹಣ್ಣು, ಬೆಲ್ಲ ತಿನ್ನು ಅಂತ ಕೆಲವರು, ಲಿವರ್‌ನಲ್ಲಿ ಕೊಬ್ಬು ಕೂರುತ್ತದೆ ಅಂತ ಇನ್ನು ಕೆಲವರು. ನಿಮ್ಮ ಅನುಭವ ಹೇಳಿ.

ಮೈಸೂರಿನಿಂದ: ನನಗೂ ಹೀಗೇ ಆಗುತ್ತಿತ್ತು. ನಾವು ತಿಂದ ಪಿಷ್ಟ ಗ್ಲೈಕೋಜನ್ ಆಗಿ, ಅಂದರೆ ದೇಹ ಕೂಡಿಡುವ ಸಕ್ಕರೆಯಾಗಿ, ಎರಡು ಕಡೆ ಕೂರುತ್ತದೆ. ಸ್ನಾಯುಗಳಲ್ಲಿ ಸುಮಾರು 400 ಗ್ರಾಂ, ಲಿವರ್‌ನಲ್ಲಿ ಸುಮಾರು 100 ಗ್ರಾಂ. ಸ್ನಾಯು ತನ್ನದನ್ನು ರಕ್ತಕ್ಕೆ ಬಿಟ್ಟುಕೊಡುವುದಿಲ್ಲ, ಅದಕ್ಕೆ ಬೇಕಾದ ಕಿಣ್ವವೇ ಅಲ್ಲಿಲ್ಲ. ರಾತ್ರಿಯಿಡೀ ಮೆದುಳಿಗೆ ಸಕ್ಕರೆ ಒದಗಿಸುವುದು ಮುಖ್ಯವಾಗಿ ಲಿವರ್. ಹಾಗಾಗಿ ಬೆಳಗಾಗುವಾಗ ಕಾಲಿನ ದಾಸ್ತಾನು ಹಾಗೇ ಇರುತ್ತದೆ, ಲಿವರ್‌ದು ಬಹಳಷ್ಟು ಇಳಿದಿರುತ್ತದೆ. ಹೊರಡುವ ಮುಂಚೆ ಒಂದು ಬಾಳೆಹಣ್ಣು ತಿನ್ನುವುದು ಶುರು ಮಾಡಿದ ಮೇಲೆ ನನಗೆ ತಲೆಸುತ್ತು ನಿಂತಿದೆ. ನೀರು ಕಡಿಮೆಯಾದರೂ ತಲೆ ಸುತ್ತುತ್ತದೆ, ಅದನ್ನೂ ನೋಡಿಕೊಳ್ಳಿ.

ಹಾಸನದಿಂದ: ಮೇಲಿನವರ ಮಾತಿಗೆ ಸ್ವಲ್ಪ ಸೇರಿಸುತ್ತೇನೆ. ಅನ್ನ, ಮುದ್ದೆ ಜೀರ್ಣವಾದರೆ ಗ್ಲೂಕೋಸ್ ಅನ್ನುವ ಸಕ್ಕರೆ. ಅದರಲ್ಲಿ ಜಾಸ್ತಿ ಪಾಲು ಲಿವರ್ ದಾಟಿ ಸ್ನಾಯುಗಳಿಗೆ ಹೋಗುತ್ತದೆ. ಹಣ್ಣಿನಲ್ಲಿರುವ ಫ್ರಕ್ಟೋಸ್ ಅನ್ನುವ ಸಕ್ಕರೆ ಹಾಗಲ್ಲ, ಅದರ ಬಹುಪಾಲನ್ನು ಮೊದಲು ಲಿವರ್ ಹಿಡಿದುಕೊಳ್ಳುತ್ತದೆ. ಹಾಲಿನ ಸಕ್ಕರೆಯಿಂದ ಬರುವ ಗ್ಯಾಲಕ್ಟೋಸ್ ಕೂಡ ಹಾಗೇ. ಬೆಲ್ಲ, ಸಕ್ಕರೆ ಎರಡರಲ್ಲೂ ಮುಖ್ಯವಾಗಿ ಇರುವುದು ಸುಕ್ರೋಸ್, ಅಂದರೆ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ದೂರ ಸೈಕಲ್ ತುಳಿದು ದಣಿದವರ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಬರೀ ಗ್ಲೂಕೋಸ್ ಕುಡಿದವರಿಗಿಂತ ಎರಡೂ ಸೇರಿಸಿ ಕುಡಿದವರ ಲಿವರ್ ಹೆಚ್ಚುಕಡಿಮೆ ಎರಡು ಪಟ್ಟು ಬೇಗ ತುಂಬಿತು. ಸ್ನಾಯುಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ನಾನು ಓಡಿ ಬಂದ ಕೂಡಲೇ ಬೆಲ್ಲದ ಪಾನಕ ಕುಡಿಯುತ್ತೇನೆ, ಆಮೇಲೆ ಊಟ. ದುಬಾರಿ ಪುಡಿ ಡಬ್ಬಗಳು ಸುಮ್ನೆ ಖರ್ಚು.

ಶಿವಮೊಗ್ಗದಿಂದ: ಓಡದ ದಿನವೂ ಪಾನಕ ಹೊಡೆಯಬೇಡಿ ಮಾರಾಯ್ರೇ! ಲಿವರ್‌ನ ಜಾಗ ತುಂಬಿದ ಮೇಲೂ ಸಿಹಿ ಬರುತ್ತಿದ್ದರೆ ಅದು ಕೊಬ್ಬಾಗುತ್ತದೆ. ಕೂತು ಕೆಲಸ ಮಾಡುವ ನಮ್ಮ ಭಾವ ದಿನಾ ಲೋಟಗಟ್ಟಲೆ ಜ್ಯೂಸ್ ಕುಡಿಯುತ್ತಿದ್ದರು. ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಅಂತ ಬಂತು. ಜ್ಯೂಸ್ ಒಂದೇ ಕಾರಣ ಅನ್ನಲಾರೆ, ಆದರೆ ಡಾಕ್ಟರು ಮೊದಲು ಬಿಡಿಸಿದ್ದು ಅದನ್ನೇ. ಇಡೀ ಹಣ್ಣಿಗೆ ಅಷ್ಟು ಹೆದರಬೇಕಿಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ಡಾಕ್ಟರನ್ನು ಕೇಳದೆ ಇದನ್ನೆಲ್ಲ ಮಾಡಬಾರದು.

ಕೇಳಿದವರು: ಹಾಗಾದರೆ ಮುದ್ದೆ ಬಿಡಬೇಕಾ?

ಹಾಸನದಿಂದ: ಯಾಕೆ ಬಿಡಬೇಕು? ಕಾಲಿಗೆ ಅದೇ ಆಧಾರ ಅಲ್ವಾ! ರಾತ್ರಿ ಮುದ್ದೆ ಇರಲಿ, ಬೆಳಿಗ್ಗೆ ಬಾಳೆಹಣ್ಣು. ಮೊದಲು ಅಭ್ಯಾಸದ ಓಟದಲ್ಲಿ ನೋಡಿ. ಫ್ರಕ್ಟೋಸ್ ಒಮ್ಮೆಗೇ ಜಾಸ್ತಿಯಾದರೆ ಕೆಲವರಿಗೆ ಹೊಟ್ಟೆ ಕೆಡುತ್ತದೆ.