ಮಲ್ಟಿಪರ್ಪಸ್ ಮಷಿನ್‌ನಿಂದ ಬ್ಯಾಂಡ್‌ಸಾ ಓಡಿಸಿದರೆ ಗಡಗಡ ಅದುರುತ್ತದೆ, ಎಲ್ಲಿ ಹುಡುಕಲಿ?

ಜಾಲಿಮರ_ಕಲಬುರಗಿ

ನಮಸ್ಕಾರ ಎಲ್ಲರಿಗೂ. ಕಲಬುರಗಿಯಲ್ಲಿ ನನ್ನದೊಂದು ಸಣ್ಣ ಶೆಡ್ ಇದೆ, ಲಟ್ಟಣಿಗೆ, ಮಣೆ, ತೊಟ್ಟಿಲು, ಸ್ಟೂಲು ಇಂಥ ಕೆಲಸ. ರಂದಾ (ಮರ ಹೆರೆದು ನಯ ಮಾಡುವುದು), ಗೋಲ್ ಗರಗಸ, ಡ್ರಿಲ್ ಮೂರೂ ಒಂದರಲ್ಲೇ ಇರುವ ಹಳೇ ಮಲ್ಟಿಪರ್ಪಸ್ ಮಷಿನ್ ಇದೆ. ಸಿಂಗಲ್ ಫೇಸ್ 3 ಎಚ್‌ಪಿ ಮೋಟಾರ್, 1440 ಆರ್‌ಪಿಎಂ.

ಹೋದ ದೀಪಾವಳಿಗೆ 14 ಇಂಚಿನ ಬ್ಯಾಂಡ್‌ಸಾ (ಮೇಲೊಂದು ಕೆಳಗೊಂದು ಚಕ್ರದ ಮೇಲೆ ಪಟ್ಟಿ ಥರ ಸುತ್ತುವ ಬ್ಲೇಡಿನ ಗರಗಸ) ಒಂದು ಸೆಕೆಂಡ್‌ಹ್ಯಾಂಡ್ ಸಿಕ್ಕಿತು. ಮೋಟಾರ್ ಇರಲಿಲ್ಲ, ಅದಕ್ಕೇ ಅಗ್ಗಕ್ಕೆ ಬಂತು. ಹೊಸ ಮೋಟಾರಿಗೆ ದುಡ್ಡು ಯಾಕೆ ಅಂತ ಮಲ್ಟಿಪರ್ಪಸ್‌ನ ಪಕ್ಕದಲ್ಲೇ ನಿಲ್ಲಿಸಿ, ಅದರ ಮೋಟಾರಿನ ಇನ್ನೊಂದು ತುದಿಗೆ 4 ಇಂಚಿನ ಪುಲ್ಲಿ, ಬ್ಯಾಂಡ್‌ಸಾದ ಕೆಳಗಿನ ಚಕ್ರದ ಶಾಫ್ಟಿಗೆ 6 ಇಂಚಿನ ಪುಲ್ಲಿ ಹಾಕಿ, ನಡುವೆ ಎ-60 ಬೆಲ್ಟ್ (ಸುಮಾರು 60 ಇಂಚು ಉದ್ದದ ವಿ ಬೆಲ್ಟ್) ಹಾಕಿದೆ.

ಓಡುತ್ತದೆ, ಆದರೆ ಟೇಬಲ್ ಮೇಲೆ ಇಟ್ಟ ಪೆನ್ಸಿಲ್ ಒಂದು ನಿಮಿಷದಲ್ಲಿ ನೆಲಕ್ಕೆ ಬೀಳುತ್ತದೆ. ಕೊಯ್ದ ಹಲಗೆ ಮೇಲೆ ಅಲೆ ಅಲೆ ಗೆರೆ. ತಮಾಷೆ ಏನೆಂದರೆ ಕೈಯಲ್ಲಿ ತಿರುಗಿಸಿದರೆ ಬೆಣ್ಣೆ ಥರ ತಿರುಗುತ್ತದೆ. ಬೆಲ್ಟ್ ಬಿಗಿ ಮಾಡಿದೆ, ಜಾಸ್ತಿ ಆಯಿತು. ಕಾಲಿನ ಕೆಳಗೆ ಹಳೇ ಟೈರಿನ ತುಂಡು ಇಟ್ಟೆ, ಇನ್ನೂ ಜಾಸ್ತಿ ಆಯಿತು. ಕೊನೆಗೆ ಬುಡದ ಮೇಲೆ ಎರಡು ಫರ್ಶಿಕಲ್ಲು ಹೇರಿದೆ, ಈಗ ಕಲ್ಲೂ ಕುಣಿಯುತ್ತಿವೆ. ಜಾತ್ರೆಗೆ ಮುಂಚೆ ನೂರು ಲಟ್ಟಣಿಗೆ ಕೊಡಬೇಕು. ಯಾರಾದರೂ ದಾರಿ ತೋರಿಸಿ.

ಲೇತ್_ಬೀದರ್

ಮೊದಲು ಆ ಕಲ್ಲು ಇಳಿಸಿ ಮಾರಾಯರೇ. ಭಾರ ಹೇರಿದರೆ ನಡುಕ ಹೋಗುವುದಿಲ್ಲ, ಬೇರಿಂಗಿನ ಮೇಲೆ ಹೋಗುತ್ತದೆ ಅಷ್ಟೇ.

ಒಂದೊಂದೇ ಕಳಚಿ ನೋಡಿ. ಪ್ರತಿ ಸಲವೂ ಪ್ಲಗ್ ಕಿತ್ತು, ಸ್ವಿಚ್ ಆಫ್ ಮಾತ್ರ ಸಾಲದು. ಬ್ಯಾಂಡ್‌ಸಾ ಬೆಲ್ಟ್, ರಂದಾ ಬೆಲ್ಟ್ ಎರಡನ್ನೂ ತೆಗೆದು ಮೋಟಾರ್ ಒಂದನ್ನೇ ಓಡಿಸಿ. ಸಿಂಗಲ್ ಫೇಸ್ ಮೋಟಾರಿಗೆ ಸೆಕೆಂಡಿಗೆ 100 ಸಲದ ಸಣ್ಣ ಗುಂಯ್ ಇದ್ದೇ ಇರುತ್ತದೆ, ಅದು 50 ಹರ್ಟ್ಸ್ ಕರೆಂಟಿನ ಗುಣ, ಅದಕ್ಕೆ ಹೆದರಬೇಡಿ. ಕುಲುಕಾಟ ಇದ್ದರೆ ಮಾತ್ರ ಮೋಟಾರ್ ಪುಲ್ಲಿ ಅಥವಾ ಬೇರಿಂಗ್ ನೋಡಿ. ಮೋಟಾರ್ ಶಾಂತವಾಗಿದ್ದರೆ ಬ್ಲೇಡ್ ತೆಗೆದಿಟ್ಟು ಬೆಲ್ಟ್ ಹಾಕಿ ಕೆಳಗಿನ ಚಕ್ರ ಓಡಿಸಿ. ಆಮೇಲೆ ಬ್ಲೇಡ್ ಹಾಕಿ, ಬಾಗಿಲು ಮುಚ್ಚಿ ಓಡಿಸಿ. ಯಾವ ಹಂತದಲ್ಲಿ ನಡುಕ ಶುರುವಾಯಿತೋ ಕಳ್ಳ ಅಲ್ಲೇ ಇದ್ದಾನೆ.

ಚಕ್ರದ ತೂಕದ ಮೇಲೂ ನನಗೆ ಅನುಮಾನ ಇದೆ. ಬ್ಲೇಡ್, ಬೆಲ್ಟ್ ಎರಡೂ ಇಲ್ಲದೆ ಚಕ್ರವನ್ನು ಬೆರಳಿಂದ ಮೆಲ್ಲಗೆ ತಿರುಗಿಸಿ ಬಿಡಿ. ನಿಂತಾಗ ಕೆಳಗಿರುವ ಜಾಗಕ್ಕೆ ಚಾಕ್‌ಪೀಸ್ ಗುರುತು. ಐದಾರು ಸಲ ಮಾಡಿ. ಬೇರೆ ಬೇರೆ ಕಡೆ ನಿಂತರೆ ತೂಕ ಸರಿ ಇದೆ. ಪ್ರತಿ ಸಲ ಅದೇ ಗುರುತು ಕೆಳಗೆ ಬಂದರೆ ಅಲ್ಲಿ ಭಾರ. ಚಕ್ರಕ್ಕೆ ಸುತ್ತಿದ ರಬ್ಬರ್ ಟೈರ್ ಮೇಲೆ ಬೇವಿನ ಅಂಟು ಮತ್ತು ಹೊಟ್ಟು ಸೇರಿ ಗಟ್ಟಿಯಾಗಿ ಕೂತಿರುತ್ತದೆ, ಎಷ್ಟೋ ಸಲ ಅದನ್ನು ಕೆರೆದರೆ ಸಾಕು. ನಮ್ಮ ಬಿಸಿಲಿಗೆ ಟೈರಿನ ಅಂಟು ಬಿಟ್ಟು ಒಂದು ಕಡೆ ಉಬ್ಬುವುದೂ ಉಂಟು, ಬೆರಳಲ್ಲಿ ಒತ್ತಿ ನೋಡಿ.

ಸುರಪುರದವ

ನಿಮ್ಮ ಶೆಡ್ಡಿನ ನೆಲ ಯಾವುದು? ಶಹಾಬಾದ್ ಕಲ್ಲು ಹಾಸಿದ್ದೇ? ನಾಣ್ಯದಿಂದ ತಟ್ಟಿ ನೋಡಿ. ಡಬ್ ಡಬ್ ಅಂತ ಪೊಳ್ಳು ಶಬ್ದ ಬಂದರೆ ಕೆಳಗೆ ಮಣ್ಣು ಕುಸಿದಿದೆ ಅಂತ. ನಮ್ಮ ಕಡೆಯ ಕರಿಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಮೇಲಿನ ಕಲ್ಲು ಅಧಾಂತರ ಆಗುತ್ತದೆ. ಆಮೇಲೆ ಸಣ್ಣ ನಡುಕವನ್ನೂ ಹಲಗೆ ವಾದ್ಯದ ಥರ ಬಾರಿಸಿ ದೊಡ್ಡದು ಮಾಡುತ್ತದೆ.

ಇನ್ನೊಂದು, ನಿಮ್ಮದು ಎರಡು ಬೇರೆ ಬೇರೆ ಮಷಿನ್. ಬೆಲ್ಟ್ ಎಳೆದಾಗ ಎರಡೂ ಒಂದರ ಕಡೆ ಒಂದು ವಾಲುತ್ತವೆ, ಬಿಟ್ಟಾಗ ಹಿಂದೆ ಹೋಗುತ್ತವೆ. ಟೈರಿನ ತುಂಡು ಇಟ್ಟಾಗ ಜಾಸ್ತಿ ಆಗಿದ್ದು ಅದಕ್ಕೇ ಅಲ್ವಾ? ಎರಡರ ಕಾಲನ್ನೂ ಒಂದೇ ಕಬ್ಬಿಣದ ಚಾನೆಲ್ ಚೌಕಟ್ಟಿಗೆ ಬೋಲ್ಟ್ ಮಾಡಿ. ರಬ್ಬರ್ ಬೇಕೇ ಬೇಕು ಅಂದರೆ ಚೌಕಟ್ಟಿನ ಕೆಳಗೆ ಇಡಿ, ಎರಡು ಮಷಿನ್‌ಗಳ ನಡುವೆ ಬೇಡ.

ಲೇತ್_ಬೀದರ್

ಚಾನೆಲ್ ಸರಿ. ಆದರೆ ಮೂಲ ದೋಷ ಹುಡುಕದೆ ಮೊದಲೇ ಬೋಲ್ಟ್ ಮಾಡಿದರೆ ಬ್ಯಾಂಡ್‌ಸಾದ ನಡುಕ ರಂದಾಕ್ಕೂ ಬರುತ್ತದೆ. ಆಮೇಲೆ ಎರಡು ರೋಗ.

ಗಣಿತದ_ಮೇಷ್ಟ್ರು

ನಾನು ಬಡಗಿ ಅಲ್ಲ, ಭಾನುವಾರದ ಹವ್ಯಾಸಿ, ಊರು ಸೇಡಂ. ಲೆಕ್ಕ ಮಾತ್ರ ಹಾಕಿ ಕೊಡುತ್ತೇನೆ.

1440ರ ಮೋಟಾರಿಗೆ 4 ಇಂಚು, ಆ ಕಡೆ 6 ಇಂಚು ಅಂದರೆ ಚಕ್ರ ನಿಮಿಷಕ್ಕೆ ಸುಮಾರು 960 ಸುತ್ತು, ಸೆಕೆಂಡಿಗೆ 16. ಮೋಟಾರ್ ಪುಲ್ಲಿ ಸೆಕೆಂಡಿಗೆ 24. ನಿಮ್ಮ ಬೆಲ್ಟ್ ಒಂದು ಪೂರ್ತಿ ಸುತ್ತು ಬರುವುದು ಸೆಕೆಂಡಿಗೆ ಸುಮಾರು 5 ಸಲ. ಬ್ಲೇಡ್ 93 ಇಂಚಿನ ಆಸುಪಾಸು ಇದ್ದರೆ ಅದರ ಬೆಸುಗೆ ಜಾಗ ಏಳೆಂಟು ಸಲ ಬರುತ್ತದೆ. ನಾಲ್ಕಕ್ಕೂ ಬೇರೆ ಬೇರೆ ತಾಳ. ಯಾವುದರ ತಾಳಕ್ಕೆ ಟೇಬಲ್ ಕುಣಿಯುತ್ತಿದೆ ಅಂತ ನೋಡಿದರೆ ಮುಗಿಯಿತು.

ಕಣ್ಣಿಗೆ ಕಾಣುವುದಿಲ್ಲ, ಮೊಬೈಲಿಗೆ ಕಾಣುತ್ತದೆ. ಬೆಲ್ಟ್ ಮೇಲೆ ಒಂದು ಚಾಕ್ ಗೆರೆ, ಪುಲ್ಲಿ ಮೇಲೆ ಇನ್ನೊಂದು. ಟೇಬಲ್ ಮೇಲೆ ಲೋಟದಲ್ಲಿ ನೀರು. ದೂರ ನಿಂತು ಸ್ಲೋ ಮೋಷನ್ ವಿಡಿಯೋ ತೆಗೆಯಿರಿ. ಬಿಸಿಲಿನ ಬೆಳಕಲ್ಲೇ ತೆಗೆಯಿರಿ, ಟ್ಯೂಬ್‌ಲೈಟ್ ಆದರೆ ಮಿಣಮಿಣ ಅಂದು ಏನೂ ತಿಳಿಯುವುದಿಲ್ಲ. ನೀರು ಹಾರಿದಾಗಲೆಲ್ಲ ಯಾವ ಗೆರೆ ಅದೇ ಜಾಗಕ್ಕೆ ಬರುತ್ತದೆ ನೋಡಿ.

ಜೊತೆಗೆ ಒಂದು ಮಾತು. 14 ಇಂಚಿನ ಚಕ್ರ 960 ಸುತ್ತಿದರೆ ಬ್ಲೇಡಿನ ವೇಗ ನಿಮಿಷಕ್ಕೆ 1,070 ಮೀಟರ್ ದಾಟುತ್ತದೆ. ಇಷ್ಟು ದೊಡ್ಡ ಬ್ಯಾಂಡ್‌ಸಾಗೆ 900ರ ಆಸುಪಾಸು ಸಾಕು. 6 ಇಂಚಿನ ಬದಲು 7 ಇಂಚಿನ ಪುಲ್ಲಿ ಹಾಕಿ, ಚಕ್ರ 820ಕ್ಕೆ ಇಳಿಯುತ್ತದೆ. ತೂಕ ಹೆಚ್ಚುಕಮ್ಮಿ ಇದ್ದಾಗ ಹುಟ್ಟುವ ಎಳೆತ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು. ಕೈಯಲ್ಲಿ ತಿರುಗಿಸಿದಾಗ ಬೆಣ್ಣೆ, ಮೋಟಾರಿಗೆ ಗಡಗಡ ಯಾಕೆ ಅಂತ ಕೇಳಿದಿರಲ್ಲ, ಅರ್ಧ ಉತ್ತರ ಇಲ್ಲೇ ಇದೆ.

ಜಾಲಿಮರ_ಕಲಬುರಗಿ

ಮೇಷ್ಟ್ರೇ, ವಿಡಿಯೋ ತೆಗೆದೆ. ಮಗಳು ಕೂತು ಎಣಿಸಿದಳು. ದೊಡ್ಡ ಕುಲುಕಾಟ ಪುಲ್ಲಿ ಗೆರೆ ಜೊತೆ ಬರುತ್ತಿದೆ, ಅಂದರೆ 16ರ ತಾಳ. ನಡುನಡುವೆ ನಿಧಾನಕ್ಕೆ ಇನ್ನೊಂದು ಧಡ್ ಅಂತ ಬರುತ್ತದೆ, ಅದು ಬೆಲ್ಟಿನ ಗೆರೆ ಜೊತೆ. ಬ್ಲೇಡ್ ತೆಗೆದರೂ ಅದೇ ಕಥೆ. ಮೋಟಾರ್ ಒಂದೇ ಓಡಿಸಿದರೆ ಗಪ್‌ಚಿಪ್. ಚಕ್ರ ಆರು ಸಲ ತಿರುಗಿಸಿದೆ, ಆರು ಕಡೆ ನಿಂತಿತು.

ಲೇತ್_ಬೀದರ್

ಹಾಗಾದರೆ ಚಕ್ರ ನಿರಪರಾಧಿ. ನಾನು ಸುಮ್ನೆ ಅದರ ಮೇಲೆ ಅನುಮಾನ ಪಟ್ಟೆ. ಪುಲ್ಲಿಯೂ ಅದೇ ಶಾಫ್ಟಿನ ಮೇಲೆ ಇದೆ, ತಾಳ ಎರಡಕ್ಕೂ ಒಂದೇ.

ಮರದ ತುಂಡಿಗೆ ಒಂದು ಮೊಳೆ ಹೊಡೆದು, ಅದರ ತುದಿ 6 ಇಂಚಿನ ಪುಲ್ಲಿಯ ಅಂಚಿಗೆ ಕೂದಲೆಳೆ ದೂರ ಇರುವ ಹಾಗೆ ನೆಲೆ ನಿಲ್ಲಿಸಿ. ಪ್ಲಗ್ ಕಿತ್ತು ಕೈಯಲ್ಲಿ ಸುತ್ತಿಸಿ. ಸಂದು ಒಂದೇ ಸಮ ಇರಬೇಕು. ಒಂದು ಮಾತು ನಿಜ ಹೇಳಿ, ಆ ಪುಲ್ಲಿ ಶಾಫ್ಟಿಗೆ ಕೂರಿಸಿದ್ದು ಹೇಗೆ?

ಜಾಲಿಮರ_ಕಲಬುರಗಿ

ಅದೇನಾಯಿತೆಂದರೆ... ಪುಲ್ಲಿ ತೂತು 25 ಮಿಲಿಮೀಟರ್ ಇತ್ತು, ಶಾಫ್ಟ್ 24. ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಒಳಗೆ ಸುತ್ತಿ ಗ್ರಬ್ ಸ್ಕ್ರೂ (ಪುಲ್ಲಿಯನ್ನು ಶಾಫ್ಟಿಗೆ ಒತ್ತಿ ಹಿಡಿಯುವ ತಲೆ ಇಲ್ಲದ ಸ್ಕ್ರೂ) ಬಿಗಿದಿದ್ದೆ. ಮೊಳೆ ಇಟ್ಟು ನೋಡಿದೆ. ಒಂದು ಕಡೆ ತಾಗುತ್ತದೆ, ಎದುರು ಕಡೆ ಹತ್ತಿರಹತ್ತಿರ ಒಂದು ಮಿಲಿಮೀಟರ್ ಸಂದು.

ಲೇತ್_ಬೀದರ್

ಮೊದಲನೇ ದಿನವೇ ಇದನ್ನು ಹೇಳಿದ್ದರೆ ನಾವೆಲ್ಲ ಮಲಗಿರುತ್ತಿದ್ದೆವು. 😀

ಗ್ರಬ್ ಸ್ಕ್ರೂ ಒಂದು ಕಡೆಯಿಂದ ಒತ್ತುತ್ತದೆ, ಪುಲ್ಲಿ ನಡು ಬಿಟ್ಟು ಸರಿಯುತ್ತದೆ. ಆಮೇಲೆ ಪ್ರತಿ ಸುತ್ತಿಗೂ ಬೆಲ್ಟ್ ಒಮ್ಮೆ ಬಿಗಿ, ಒಮ್ಮೆ ಸಡಿಲ. ನೀವು ಬೆಲ್ಟ್ ಬಿಗಿ ಮಾಡಿದಷ್ಟೂ ಮಷಿನ್ ಜಾಸ್ತಿ ಕುಲುಕಿದ್ದು ಅದಕ್ಕೇ. ತಗಡು ಬಿಸಾಕಿ. 7 ಇಂಚಿನ ಪುಲ್ಲಿ ತಂದು, ತೂತು ಸಣ್ಣದೇ ಇರುವುದನ್ನು ನೋಡಿ ತನ್ನಿ, ಶಾಫ್ಟ್ ಅಳತೆಗೆ ಲೇತ್‌ನಲ್ಲಿ ಬೋರ್ ಮಾಡಿಸಿ, ಕೀ ದಾರಿಯನ್ನೂ (ಪುಲ್ಲಿ ಜಾರದಂತೆ ಹಿಡಿಯುವ ಕಬ್ಬಿಣದ ಬೆಣೆ ಕೂರುವ ಸಂದು) ಹೊಡೆಸಿ. ತೂತು ಮೊದಲು, ಆಮೇಲೆ ಅದೇ ಹಿಡಿತದಲ್ಲಿ ಬೆಲ್ಟ್ ಕೂರುವ ವಿ ಆಕಾರದ ತೋಡನ್ನು ಒಂದು ಸಣ್ಣ ಕಟ್ ತಿರುಗಿಸಿ ಅಂತ ಹೇಳಿ. ಎರಡೂ ಒಂದೇ ನಡುವಿಗೆ ಬರುತ್ತವೆ.

ಬೆಲ್ಟಿನ ಧಡ್ ಬೇರೆ ರೋಗ. ದೀಪಾವಳಿಯಿಂದ ಬಿಗಿದೇ ಬಿಟ್ಟಿದ್ದೀರಿ ಅನಿಸುತ್ತದೆ. ನಿಂತಲ್ಲೇ ನಿಂತು ಪುಲ್ಲಿಯ ಬಾಗು ಬೆಲ್ಟಿಗೆ ಅಂಟಿಕೊಂಡಿದೆ. ಅರ್ಧ ತಾಸು ಓಡಿಸಿದ ಮೇಲೂ ಹೋಗದಿದ್ದರೆ ಹೊಸದು ಹಾಕಿ. ಒಳಗಡೆ ಹಲ್ಲು ಹಲ್ಲು ಇರುವ ಎಎಕ್ಸ್ ಬೆಲ್ಟ್ ಸಿಕ್ಕರೆ ಅದೇ ಹಾಕಿ, ಸಣ್ಣ ಪುಲ್ಲಿ ಮೇಲೆ ಚೆನ್ನಾಗಿ ಬಾಗುತ್ತದೆ. ಕೆಲಸ ಇಲ್ಲದ ದಿನ ಸಡಿಲ ಬಿಡಿ. ಎರಡೂ ಪುಲ್ಲಿಯ ಮುಖಕ್ಕೆ ಒಂದು ನೇರ ಪಟ್ಟಿ ಇಟ್ಟು ಸಾಲು ನೋಡುವುದನ್ನು ಮರೆಯಬೇಡಿ.

ಜಾಲಿಮರ_ಕಲಬುರಗಿ

ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ, ಬೈಯಬೇಡಿ. 7 ಇಂಚಿನ ಪುಲ್ಲಿ, ಸರಿ ಬೋರ್, ಕೀ. ಹೊಸ ಬೆಲ್ಟೂ ಹಾಕಿದೆ, ಎಎಕ್ಸ್ ಸಿಗಲಿಲ್ಲ, ಮಾಮೂಲಿ ಎ. ಈಗ ಪೆನ್ಸಿಲ್ ಇಟ್ಟಲ್ಲೇ ಇರುತ್ತದೆ. ಸಣ್ಣ ಗುಂಯ್ ಇದೆ, ಅದನ್ನು ಬಿಟ್ಟುಬಿಟ್ಟೆ.

ಸುರಪುರದವರೇ, ನಾಣ್ಯ ತಟ್ಟಿದೆ. ನೀವು ಹೇಳಿದ್ದು ಖರೆ, ಬ್ಯಾಂಡ್‌ಸಾದ ಕೆಳಗಿನ ಎರಡು ಕಲ್ಲು ಪೊಳ್ಳು. ಚಾನೆಲ್ ಚೌಕಟ್ಟು, ಕಾಂಕ್ರೀಟ್ ಎಲ್ಲ ಜಾತ್ರೆ ಮುಗಿದ ಮೇಲೆ. ಸದ್ಯಕ್ಕೆ ಲಟ್ಟಣಿಗೆ 62 ಆಗಿವೆ.

ಸುರಪುರದವ

ಕಾಂಕ್ರೀಟ್ ಹಾಕುವಾಗ ಕರಿಮಣ್ಣು ಪೂರ್ತಿ ತೆಗೆದು ಮೊರಂ (ಗರಸು ಮಣ್ಣು) ತುಂಬಿ. ಬರೀ ಮೇಲೆ ಸಿಮೆಂಟ್ ಸುರಿದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಇಲ್ಲೇ ಸಿಗೋಣ.