ಲೈಟಿಂಗ್ ಕನ್ಸೋಲ್‌ಗೆ ಅಷ್ಟೊಂದು ದುಡ್ಡು ಸುರೀಬೇಕಾ?

ಸೈಡ್‌ವಿಂಗ್:
ನಮ್ದು ಸಣ್ಣ ನಾಟಕ ತಂಡ, ಕಾಲೇಜ್ ಡೇ, ಗಣೇಶೋತ್ಸವಕ್ಕೆ ಲೈಟ್ ಬಾಡಿಗೆಗೂ ಕೊಡ್ತೀವಿ. 24 ಎಲ್‌ಇಡಿ ಪಾರ್ (ಒಂದೇ ಕಡೆ ಬೀಳೋ ಬಣ್ಣದ ಲೈಟ್), 8 ಮೂವಿಂಗ್ ಹೆಡ್ (ತಿರುಗೋ ಲೈಟ್) ಇದೆ. ಈಗಿರೋ ಅಗ್ಗದ ಕನ್ಸೋಲ್ (ಲೈಟ್ ಎಲ್ಲಾ ಕಂಟ್ರೋಲ್ ಮಾಡೋ ಬೋರ್ಡ್) ಮೊನ್ನೆ ಶೋ ಮಧ್ಯೆ ಹ್ಯಾಂಗ್ ಆಗಿ, ರಾಜ ಸಾಯೋ ಸೀನಲ್ಲಿ ಇಡೀ ಸ್ಟೇಜ್ ಗುಲಾಬಿ ಬಣ್ಣಕ್ಕೇ ನಿಂತ್ಬಿಡ್ತು, ಸತ್ತ ರಾಜನೇ ನಕ್ಬಿಟ್ಟ. ಎಲ್ರೂ ದೊಡ್ಡ ಶೋಗೆ ಬಳಸೋ ಗ್ರ್ಯಾಂಡ್‌ಎಂಎ ಕನ್ಸೋಲ್ ತಗೋ ಅಂತಾರೆ, ರೇಟ್ ಕೇಳಿ ಎದೆ ಧಸಕ್ ಅಂತು. ಏನ್ ಮಾಡ್ಲಿ?

ಡಿಮ್ಮರಣ್ಣ:
ಮೊದ್ಲು ಲೆಕ್ಕ ಹಾಕಿ ಸಾರ್. ಒಂದೊಂದು ಪಾರ್‌ಗೆ 7 ಚಾನೆಲ್ (ಬಣ್ಣ, ಬೆಳಕು ಹೀಗೆ ಒಂದೊಂದಕ್ಕೂ ಒಂದು ಕಂಟ್ರೋಲ್) ಅಂದ್ರೆ 168, ಒಂದೊಂದು ಹೆಡ್‌ಗೆ 16 ಅಂದ್ರೆ 128, ಒಟ್ಟು 296. ಲೈಟ್‌ಗೆ ಸಿಗ್ನಲ್ ಕಳ್ಸೋ ಒಂದು ಡಿಎಂಎಕ್ಸ್ ಲೈನ್‌ಗೆ (ಯೂನಿವರ್ಸ್ ಅಂತಾರೆ) 512 ಚಾನೆಲ್, ಇನ್ನೂ ಜಾಗ ಮಿಕ್ಕುತ್ತೆ. ಇಷ್ಟಕ್ಕೆ ಗ್ರ್ಯಾಂಡ್‌ಎಂಎ ಅಂದ್ರೆ ಸೊಪ್ಪು ತರೋಕೆ ಲಾರಿ ತಗೊಂಡ್ ಹೋದಂಗೆ. ಚಾಮ್‌ಸಿಸ್ ಕಂಪನಿಯ ಮ್ಯಾಜಿಕ್‌ಕ್ಯೂ ಅನ್ನೋ ಲೈಟಿಂಗ್ ಸಾಫ್ಟ್‌ವೇರ್ ಫ್ರೀ, ಲ್ಯಾಪ್‌ಟಾಪ್‌ಗೆ ಹಾಕಿ ಒಂದು ಆರ್ಟ್‌ನೆಟ್ ನೋಡ್ (ಲ್ಯಾಪ್‌ಟಾಪ್‌ನ ನೆಟ್‌ವರ್ಕ್ ಸಿಗ್ನಲ್‌ನ ಡಿಎಂಎಕ್ಸ್‌ಗೆ ಬದಲಾಯಿಸೋ ಡಬ್ಬಿ) ಕೊಳ್ಳಿ, ಸಾಕು.

ಕ್ಯೂ_ಗೋ:
ನಾನು ಅಷ್ಟು ಒಪ್ಪಲ್ಲ. ಲ್ಯಾಪ್‌ಟಾಪ್ ಶೋ ಮಧ್ಯೆ ಅಪ್‌ಡೇಟ್‌ಗೆ ಕೂತ್ರೆ? ಕತ್ತಲಲ್ಲಿ ಮೌಸ್ ಹುಡುಕ್ತಾ ಕೂರೋದು ನರಕ, ಕೈಗೆ ಫೇಡರ್ (ಮೇಲೆ ಕೆಳಗೆ ಜಾರಿಸೋ ಗುಂಡಿ) ಸಿಗ್ಬೇಕು, ದುಡ್ಡು ಹೋಗೋದು ಅದಕ್ಕೇ. ಆಮೇಲೆ ಅಗ್ಗಕ್ಕೆ ಸಿಗುತ್ತೆ ಅಂತ ಡೂಪ್ಲಿಕೇಟ್ ಗ್ರ್ಯಾಂಡ್‌ಎಂಎ ಮಾತ್ರ ತಗೋಬೇಡಿ, ಕೆಟ್ರೆ ಕಂಪನಿಯೋರು ಮುಟ್ಟಲ್ಲ.

ಸೈಡ್‌ವಿಂಗ್:
ಸರಿ, ಲ್ಯಾಪ್‌ಟಾಪ್ ಜೊತೆ ಒಂದು ಸಣ್ಣ ಫೇಡರ್ ವಿಂಗ್ (ಲ್ಯಾಪ್‌ಟಾಪ್‌ಗೆ ಸೇರಿಸೋ ಫೇಡರ್ ಬೋರ್ಡ್) ನೋಡ್ತೀನಿ. ದೊಡ್ಡ ಶೋ ಬಂದ್ರೆ ಕನ್ಸೋಲ್ ಬಾಡಿಗೆಗೆ ತರೋದು.

ಡಿಮ್ಮರಣ್ಣ:
ವೈಫೈ ಆಫ್ ಮಾಡಿ, ಯುಪಿಎಸ್ ಮರೀಬೇಡಿ. ಅಂದಂಗೆ ಡಿಎಂಎಕ್ಸ್ ಕೇಬಲ್ ಕೊನೇಲಿ 120 ಓಮ್ ಟರ್ಮಿನೇಟರ್ (ಸಿಗ್ನಲ್ ವಾಪಸ್ ಬಂದು ಗಲಿಬಿಲಿ ಆಗದಂಗೆ ತಡೆಯೋ ಪ್ಲಗ್) ಹಾಕಿದೀರಾ?